ದಡಾರ ಹೋಯಿತು, ಕೆಮ್ಮು ಹೋಗಲಿಲ್ಲ

ಮಾನ್ಯ ಸಂಪಾದಕರೇ,

ನಾನು ಅಂಕೋಲಾದಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡವನು, ಡಾಕ್ಟರಲ್ಲ. ಆದರೂ ಮಕ್ಕಳ ಲಸಿಕೆ ಬಗ್ಗೆ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನಮ್ಮ ಮನೆಯಲ್ಲೇ ಆಗಿದ್ದು.

ನನ್ನ ತಂಗಿಯ ಮೊಮ್ಮಗನಿಗೆ ಎರಡು ವರ್ಷ. ಮೊದಲು ಜ್ವರ, ನೆಗಡಿ, ಕೆಂಪು ಕಣ್ಣು. ನಾಲ್ಕನೇ ದಿನ ಕಿವಿಯ ಹಿಂದೆ ಶುರುವಾದ ಕೆಂಪು ಗುಳ್ಳೆ ಸಂಜೆಯೊಳಗೆ ಮುಖಕ್ಕೂ ಎದೆಗೂ ಇಳಿಯಿತು. ತಂಗಿ ನೋಡಿದ ಕೂಡಲೇ "ಅಮ್ಮ ಬಂದಿದ್ದಾಳೆ" ಅಂದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು, ಮನೆಯಲ್ಲಿ ಮೀನು ಬಂದ್. ಮಾರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಸಿರಪ್ ಕೊಟ್ಟು ಕಳಿಸಿದರು. ವಾರದೊಳಗೆ ಗುಳ್ಳೆ ಬಾಡಿದವು. ಉಸ್ಸಪ್ಪಾ ಅಂದೆವು.

ಆದರೆ ಕೆಮ್ಮು ಹೋಗಲೇ ಇಲ್ಲ. ಮತ್ತೆ ಅಲ್ಲಿಗೇ ಹೋದೆವು. "ದಡಾರ ಆದ ಮೇಲೆ ಸ್ವಲ್ಪ ದಿನ ಕೆಮ್ಮು ಇರುತ್ತದೆ" ಅಂದರು. ಅದೇನೋ ನಿಜ, ಆದರೆ ಇದು ಆ ಕೆಮ್ಮಲ್ಲ. ರಾತ್ರಿ ಒಂದು ಸಲ ಶುರುವಾದರೆ ಹತ್ತು, ಹನ್ನೆರಡು, ಹದಿನೈದು, ನಡುವೆ ಉಸಿರೆಳೆಯಲು ಪುರುಸೊತ್ತಿಲ್ಲ. ತುಟಿ ನೀಲಿಯಾಗುತ್ತಿತ್ತು. ಕೊನೆಗೆ 'ಹೂಪ್' ಅಂತ ಸದ್ದು ಮಾಡಿ ಗಾಳಿ ಎಳೆದುಕೊಂಡು, ತಿಂದ ಗಂಜಿ ಎಲ್ಲ ಅಜ್ಜಿಯ ಸೆರಗಿಗೆ ವಾಂತಿ. ಕಡೆಗೆ ಕಾರು ಮಾಡಿಕೊಂಡು ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಓಡಿದೆವು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಓಟ ಹೊಸದೇನಲ್ಲ, ಅಲ್ವಾ?

ಅಲ್ಲಿನ ಡಾಕ್ಟರಮ್ಮ ಆ ಕೆಮ್ಮನ್ನು ಒಂದೇ ಸಲ ಕೇಳಿ "ತಾಯಿ ಕಾರ್ಡು ಎಲ್ಲಿ?" ಅಂದರು. ಮಗುವಿನ ಲಸಿಕೆ ಬರೆದಿಡುವ ಆ ಕಾರ್ಡೂ ರೇಷನ್ ಕಾರ್ಡಿನ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಇತ್ತು. ಹುಟ್ಟಿದಾಗ ಹಾಕಿದ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಮೂರಕ್ಕೂ ತಾರೀಕು ಬರೆದಿದ್ದರು. ಅದರ ಕೆಳಗೆ ಎಲ್ಲ ಮನೆಯೂ ಖಾಲಿ. ಗಂಟಲ ದ್ರವ ಪರೀಕ್ಷೆ ಮಾಡಿಸಿದರೆ ನಾಯಿಕೆಮ್ಮು. ಮೊದಲು ದಡಾರ, ಅದು ಪೂರ್ತಿ ಬಿಡುವ ಮೊದಲೇ ಇದು.

ಖಾಲಿ ಯಾಕಿತ್ತು ಅಂದರೆ, ಹುಡುಗನ ಅಪ್ಪ ಗೋವಾದಲ್ಲಿ ಡ್ರೈವರ್. ಸಂಸಾರ ಮೂರು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ. ಅಲ್ಲಿ ಹಾಕಿಸಿರಬಹುದು ಅಂತ ಇಲ್ಲಿಯವರು, ಇಲ್ಲಿ ಹಾಕಿಸಿರಬಹುದು ಅಂತ ಅಲ್ಲಿಯವರು. ಮೇಲಿಂದ ನನ್ನ ತಂಗಿ, "ಸೂಜಿ ಹಾಕಿದರೆ ಸುಮ್ನೆ ಜ್ವರ, ನಮಗೆಲ್ಲ ಯಾರು ಹಾಕಿದ್ದರು" ಅಂತ. ನಮ್ಮ ಅಜ್ಜಿ ಹೆತ್ತಿದ್ದು ಒಂಬತ್ತು, ಉಳಿದದ್ದು ಐದು ಅನ್ನುವುದು ಅವಳಿಗೂ ಗೊತ್ತು. ನಾನೂ ಕೇಳಲಿಲ್ಲ ಅನ್ನಿ. ತಪ್ಪು ಎಲ್ಲರದ್ದೂ ಇದೆ.

ಒಂದು ಇಂಜೆಕ್ಷನ್ ತಪ್ಪಿದರೆ ಒಂದು ರೋಗದ ಅಪಾಯ ಅಂತ ನಾವು ಲೆಕ್ಕ ಹಾಕುತ್ತೇವೆ. ಹಾಗಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಕೊಡುವ ಪೆಂಟಾ ಒಂದರಲ್ಲೇ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ (ನ್ಯುಮೋನಿಯಾ, ಮೆದುಳಿನ ಪೊರೆಯ ಜ್ವರ ತರುವ ರೋಗಾಣು) ಅಂತ ಐದಕ್ಕೆ ತಡೆ ಇದೆ. ದಡಾರ ಮತ್ತು ರುಬೆಲ್ಲಾಕ್ಕೆ ಎಂಆರ್, ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಒಂದೂ ಹಾಕಿಸದ ಮಗು ಇವೆಲ್ಲಕ್ಕೂ ಒಟ್ಟಿಗೇ ಬಾಗಿಲು ತೆರೆದು ಕೂತಿರುತ್ತದೆ. ಅದರಲ್ಲೂ ದಡಾರ ಬಂದು ಹೋದ ಮೇಲೆ ಮೈಯ ಶಕ್ತಿ ಕುಗ್ಗುವುದಷ್ಟೇ ಅಲ್ಲ, ಹಿಂದೆ ಬಂದು ಹೋದ ರೋಗಗಳನ್ನು ಮೈ ನೆನಪಿಟ್ಟುಕೊಂಡಿರುತ್ತದಲ್ಲ, ಆ ನೆನಪೂ ಬಹಳಷ್ಟು ಅಳಿಸಿಹೋಗುತ್ತದಂತೆ. ಹಾಗಾಗಿ ಗುಳ್ಳೆ ಬಾಡಿತು ಅಂತ ಬೇವಿನ ಸೊಪ್ಪು ಬಿಚ್ಚುವ ಹೊತ್ತೇ ಹುಷಾರಾಗಿರಬೇಕಾದ ಹೊತ್ತು.

ನನಗೆ ಈಗಲೂ ನಿದ್ದೆ ಕೆಡಿಸುವುದು ಬೇರೆ ಒಂದು. ಗುಳ್ಳೆ ಎದ್ದ ಮಾರನೇ ದಿನ ಮೊದಲ ಆಸ್ಪತ್ರೆಯ ಬೆಂಚಿನ ಮೇಲೆ ನಾವು ಒಂದು ತಾಸು ಕೂತಿದ್ದೆವು. ಪಕ್ಕದಲ್ಲಿ ಒಬ್ಬಳು ಬಾಣಂತಿ, ಮಡಿಲಲ್ಲಿ ತಿಂಗಳ ಕೂಸು. ನಮ್ಮವನು ಅದರ ಕಡೆಗೇ ಮುಖ ಮಾಡಿ ಕೆಮ್ಮುತ್ತಿದ್ದ. ದಡಾರದ ವೈರಸ್ ರೋಗಿ ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ನಾಯಿಕೆಮ್ಮು ಅತಿ ಹೆಚ್ಚು ಕಾಡುವುದೂ ಅಂಥ ಕೂಸುಗಳನ್ನೇ, ಅವಕ್ಕಿನ್ನೂ ಮೊದಲ ಪೆಂಟಾ ಕೂಡ ಆಗಿರುವುದಿಲ್ಲ. ಆ ಕೂಸು ಏನಾಯಿತೋ. ಮೈಮೇಲೆ ಗುಳ್ಳೆ ಇರುವ ಮಗು ಬಂದರೆ ಸಾಲಿನಲ್ಲಿ ಕೂರಿಸದೆ ಬೇರೆ ಕಡೆ ಕೂರಿಸಿ, ಮೊದಲು ಕಾರ್ಡು ಕೇಳಿ. ಇದಕ್ಕೆ ಯಾವ ಮಷಿನ್ನೂ ಬೇಡ, ಖರ್ಚೂ ಇಲ್ಲ.

ಸಿದ್ದಾಪುರದ ಕಡೆ ಮಂಗನ ಕಾಯಿಲೆ ಬಂದಾಗ "ಲಸಿಕೆ ಎಲ್ಲಿ" ಅಂತ ಜಿಲ್ಲೆಯೇ ಕೇಳುತ್ತದೆ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ನಿಲ್ಲಿಸಿದ್ದಾರೆ, ಕೇಳಲೇಬೇಕು. ಆದರೆ ಪುಕ್ಕಟೆ ಸಿಗುವ, ಎರಡು ಡೋಸಿಗೆ ನೂರಕ್ಕೆ 95ಕ್ಕೂ ಜಾಸ್ತಿ ಮಕ್ಕಳನ್ನು ದಡಾರದಿಂದ ಕಾಯುವ ಲಸಿಕೆ ಅಂಗನವಾಡಿಗೇ ಬಂದರೆ ನಾವು ಬಾಗಿಲು ಹಾಕಿಕೊಳ್ಳುತ್ತೇವೆ.

ಇಲಾಖೆಯವರಿಗೂ ಒಂದು ಮಾತು. ಲಸಿಕೆ ಗುರುವಾರ ಹಗಲಲ್ಲೇ ಆದರೆ ಕೂಲಿಯವರು ಹೇಗೆ ಬರುತ್ತಾರೆ? ಜೂನ್, ಜುಲೈ ಮೀನುಗಾರಿಕೆ ಬಂದ್ ಮುಗಿದು ಆಗಸ್ಟಿನಲ್ಲಿ ಬೋಟು ಇಳಿಯುವಾಗ ಬೈತಖೋಲ, ತದಡಿ ಬಂದರುಗಳಿಗೆ ಹೊರಗಿನ ಕೆಲಸಗಾರರು ಬರುತ್ತಾರೆ, ಕೆಲವರು ಹೆಂಡತಿ ಮಕ್ಕಳನ್ನೂ ಕರೆತರುತ್ತಾರೆ. ಒಂದು ಭಾನುವಾರ ಸಂಜೆ ಅಲ್ಲೇ ಕೂತು ಆ ಮಕ್ಕಳ ಕಾರ್ಡು ನೋಡಿ. ಗೋವಾಕ್ಕೆ ಹೋಗಿ ಬರುವ ನಮ್ಮವರದ್ದೂ ನೋಡಿ.

ಇನ್ನು ಮನೆಯವರು "ವರ್ಷ ದಾಟಿತು, ಇನ್ನೇನು" ಅಂತ ಕೂರಬೇಡಿ. ಪೆಂಟಾ ಶುರು ಮಾಡುವ ವಯಸ್ಸು ದಾಟಿದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನು ತಡೆಯುವ ಡಿಪಿಟಿ ಇದೆ, ಏಳು ವರ್ಷದವರೆಗೂ ಕೊಡುತ್ತಾರೆ. ಎಂಆರ್ ಐದು ವರ್ಷದವರೆಗೂ ಸಿಗುತ್ತದೆ.

ನಮ್ಮ ಹುಡುಗ ಉಳಿದ. ಕೆಮ್ಮು ಪೂರ್ತಿ ಹೋಗಲು ಮೂರು ತಿಂಗಳು ಹಿಡಿಯಿತು. ಮೊನ್ನೆ ಗುರುವಾರ ಮೊದಲ ಡಿಪಿಟಿ ಆಯಿತು, ರಾತ್ರಿ ಸ್ವಲ್ಪ ಜ್ವರ ಬಂತು, ಅಜ್ಜಿ ಏನೂ ಮಾತಾಡಲಿಲ್ಲ. ಮುಂದಿನ ಡೋಸಿನ ತಾರೀಕನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಉದ್ರಿ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

ಇಂತಿ,
ಅಂಕೋಲಾದ ಒಬ್ಬ ಅಂಗಡಿಕಾರ