ಅನುಮಾನ ಬಂದರೆ ಪದ ಒಡೆದು ನೋಡಿ

ಪ್ರಿಯ ಯುವಮಿತ್ರರೇ,

ನಿಮ್ಮ ಕಥೆಗಳಲ್ಲಿ ಸತ್ವವಿದೆ, ಕಾಗುಣಿತ ಮಾತ್ರ ಅಲ್ಲಲ್ಲಿ ಕೈಕೊಟ್ಟಿದೆ. ಸರಿ–ತಪ್ಪುಗಳ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ, ಅದು ತಲೆಯಲ್ಲಿ ನಿಲ್ಲುವುದಿಲ್ಲ. ಅನುಮಾನ ಬಂದ ಪದವನ್ನು ಒಡೆದು ನೋಡಿ.

‘ಕೋಟ್ಯಾಧಿಪತಿ’ ಎಂದು ಬರೆದಿದ್ದೀರಿ. ಕೋಟಿ, ಅಧಿಪತಿ ಸೇರಿದರೆ ಯಣ್ ಸಂಧಿ. ಇಕಾರ ಹೋಗಿ ಯಕಾರ ಬಂತು, ಅದರ ಮುಂದಿರುವುದು ಹ್ರಸ್ವ ಅ. ದೀರ್ಘ ಎಲ್ಲಿಂದ ಬರಬೇಕು? ಕೋಟ್ಯಧಿಪತಿಯೇ ಸರಿ. ಜಾತ್ಯತೀತವೂ ಹಾಗೆಯೇ. ಆದರೆ ಅತ್ಯಾಧುನಿಕದಲ್ಲಿ ದೀರ್ಘ ಇರಲೇಬೇಕು, ಅಲ್ಲಿ ಸೇರಿರುವುದು ‘ಆಧುನಿಕ’.

ಇನ್ನು ‘ತೆ’ಯ ವಿಪರೀತ. ಪ್ರಮುಖ ಎಂಬುದು ‘ಪ್ರಾಮುಖ್ಯ’ ಆದಾಗಲೇ ಭಾವನಾಮವಾಯಿತು. ಅದಕ್ಕೆ ಮತ್ತೆ ತೆ ಹಚ್ಚಿ ‘ಪ್ರಾಮುಖ್ಯತೆ’ ಮಾಡುವುದು ಟೊಪ್ಪಿಗೆಯ ಮೇಲೆ ಟೊಪ್ಪಿಗೆ ಇಟ್ಟಂತೆ. ಗುರುತು ಸುಲಭ: ಸುಂದರದ ಸು ಸೌ ಆಗಿ, ವಿವಿಧದ ವಿ ವೈ ಆಗಿ ಮೊದಲಕ್ಷರ ಹಿಗ್ಗಿ, ಕೊನೆಗೆ ಯಕಾರದ ಒತ್ತೂ ಬಂದಿದ್ದರೆ ತೆ ಬೇಡ. ವೈವಿಧ್ಯ ಎನ್ನಿ, ಇಲ್ಲವೇ ವಿವಿಧತೆ ಎನ್ನಿ. ಸಾಧ್ಯತೆ, ಯೋಗ್ಯತೆಗಳನ್ನು ಮುಟ್ಟಬೇಡಿ. ಸಾಧ್ಯ, ಯೋಗ್ಯ ಗುಣವಾಚಕಗಳು, ಅವಕ್ಕೆ ತೆ ಬೇಕು. ಪತ್ರಿಕೆಗಳಲ್ಲೇ ‘ಪ್ರಾಮುಖ್ಯತೆ’ ಬರುತ್ತದಲ್ಲ ಎನ್ನುತ್ತೀರಿ. ಬರಲಿ ಬಿಡಿ.

ಷ್ಟ, ಷ್ಠಗಳ ಗೊಂದಲಕ್ಕೂ ಮೂಲವೇ ಮದ್ದು. ತುತ್ತತುದಿಯನ್ನು ಹೇಳುವ ಶ್ರೇಷ್ಠ, ಕನಿಷ್ಠ, ಗರಿಷ್ಠ; ‘ಸ್ಥಾ’ ಧಾತುವಿನಿಂದ ಬಂದ ನಿಷ್ಠೆ, ಪ್ರತಿಷ್ಠೆ: ಇವಕ್ಕೆ ಮಹಾಪ್ರಾಣ. ಇಷ್ಟ, ನಷ್ಟ, ವಿಶಿಷ್ಟ, ಪರಿಶಿಷ್ಟಗಳಲ್ಲಿರುವುದು ‘ತ’ ಪ್ರತ್ಯಯ. ಷಕಾರದ ಪಕ್ಕ ಬಂದು ಟ ಆಗಿದೆ, ಅಷ್ಟೇ. ‘ಸ್ಕಾರ’ದ ಹಿಂದೆ ಅಕಾರವಿದ್ದರೆ ಸ ಉಳಿಯುತ್ತದೆ: ಪುರಸ್ಕಾರ, ತಿರಸ್ಕಾರ. ಇಕಾರವಿದ್ದರೆ ಷ: ಬಹಿಷ್ಕಾರ, ಪರಿಷ್ಕಾರ.

ಸ್ಪೆಲ್‌ಚೆಕ್ ನಂಬಿ ಕೂರಬೇಡಿ. ಪ್ರಶಸ್ತಿ ‘ಪ್ರಧಾನ’ ಎಂದರೂ ಅದು ತುಟಿ ಬಿಚ್ಚುವುದಿಲ್ಲ, ಏಕೆಂದರೆ ಪ್ರಧಾನ, ಪ್ರದಾನ ಎರಡೂ ಪದಗಳೇ. ಕೊಡುವುದು ಪ್ರದಾನ, ಮುಖ್ಯವಾದದ್ದು ಪ್ರಧಾನ. ಗ್ರಹ–ಗೃಹ, ಮದ್ಯ–ಮಧ್ಯಗಳ ಕಥೆಯೂ ಇದೇ. ‘ಮಧ್ಯಪಾನ ನಿಷೇಧ’ ಎಂದು ಬರೆದರೆ ಕುಡಿಯುವವರಿಗೆ ಯಾವ ತೊಂದರೆಯೂ ಇಲ್ಲ!

ಅವಶ್ಯಕ, ಆವಶ್ಯಕ ಎರಡೂ ಚಾಲ್ತಿಯಲ್ಲಿವೆ. ವ್ಯಾಕರಣದ ಒಲವು ಎರಡನೆಯದರ ಕಡೆಗೆ. ಯಾವುದನ್ನೇ ಹಿಡಿದರೂ ಕೊನೆಯ ಪುಟದವರೆಗೆ ಅದನ್ನೇ ಹಿಡಿಯಿರಿ.

ಬರೆದು ಮುಗಿಸಿದ ಮೇಲೆ ಕಡತದಲ್ಲಿ ಮೂರು ಹುಡುಕಾಟ ಮಾಡಿ. ಮೊದಲು ‘ಯತೆ’: ಸಿಕ್ಕಿದ್ದನ್ನೆಲ್ಲ ಮೇಲಿನ ಗುರುತಿಗೆ ಹಚ್ಚಿ ನೋಡಿ. ಆಮೇಲೆ ‘ಧ್ಧ’: ಧಕಾರಕ್ಕೆ ಧಕಾರದ ಒತ್ತು ಬರುವುದೇ ಇಲ್ಲ, ಆದ್ದರಿಂದ ಸಿಕ್ಕಿದ್ದೆಲ್ಲ ತಪ್ಪು. ಕೊನೆಗೆ ‘ದ್ದ’: ಇದ್ದ, ಬಿದ್ದ, ಎದ್ದಗಳೇ ಸಾಲುಗಟ್ಟುತ್ತವೆ, ಬೇಸರ ಬೇಡ. ಅವುಗಳ ನಡುವೆ ನುಸುಳಿರುವ ಶುದ್ದ, ಪ್ರಸಿದ್ದ, ವಿರುದ್ದಗಳಿಗೆ ಮಹಾಪ್ರಾಣದ ಒತ್ತು ಕೊಡಿ.

ಇಂತಿ ನಿಮ್ಮ ಹಿತೈಷಿ