ಈ ಚಾಸಿಯನ್ನು ಹೊಸದು ಮಾಡುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆ ಕಾರುಗಳ ಬಗ್ಗೆ ಬಂದ ಬರಹವನ್ನು ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದಿದೆ. ಬರಹ ಚೆನ್ನಾಗಿತ್ತು. ಆದರೆ ಒಂದು ಮಾತು ಒಪ್ಪಲು ಆಗಲಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇದ್ದರೆ ಮಾತ್ರ ಹಳೆ ಕಾರಿಗೆ ಬೆಲೆ, ಯಾರಾದರೂ ಕತ್ತರಿಸಿ ಬೆಸೆದು ಬದಲಾಯಿಸಿದ್ದರೆ ಅದು ಕೆಟ್ಟುಹೋದ ಕಾರು ಅಂತ ಲೇಖಕರು ಬರೆದಿದ್ದರು. ಅವರ ಲೆಕ್ಕದಲ್ಲಿ ಕೆಟ್ಟುಹೋದದ್ದು ಎನ್ನಿಸಿಕೊಳ್ಳುವ ಒಂದು ಚಾಸಿಯನ್ನು ನಾನು ಈಚೆಗೆ ಕೊಂಡಿದ್ದೇನೆ. ಅದನ್ನು ಏನು ಮಾಡಬೇಕು ಅಂತ ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅದಕ್ಕೇ ಈ ಪತ್ರ.

ಅದು 1932ರ ಫೋರ್ಡ್ ಕಾರಿನ ಚಾಸಿ. ಬಾಡಿ ಇಲ್ಲ, ಎಂಜಿನ್ ಇಲ್ಲ, ಚಕ್ರಗಳೂ ಇಲ್ಲ. ಎರಡು ಉದ್ದದ ಉಕ್ಕಿನ ತೊಲೆ, ಅವನ್ನು ಹಿಡಿದಿಟ್ಟ ಅಡ್ಡ ತೊಲೆಗಳು, ಅಷ್ಟೇ. ಯಾರೋ ಯಾವಾಗಲೋ ಇದನ್ನು ಹಾಟ್ ರಾಡ್ ಮಾಡಿಕೊಂಡಿದ್ದರು. ಅಂದರೆ ಕಾರನ್ನು ಹಗುರ ಮಾಡಿ, ನೆಲಕ್ಕೆ ಹತ್ತಿರ ಇಳಿಸಿ, ಎಂಜಿನ್ನಿನ ಬಲ ಹೆಚ್ಚಿಸಿ ವೇಗಕ್ಕೆ ಸಿದ್ಧ ಮಾಡಿದ್ದರು.

ಈ ಹಾಟ್ ರಾಡ್ ಹುಚ್ಚು ಬೆಳೆದದ್ದೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಹುಡುಗರು ಬೆಟ್ಟ ದಾಟಿ ಮೊಹಾವಿ ಮರುಭೂಮಿಗೆ ಹೋಗಿ, ಮ್ಯೂರಾಕ್ ಎಂಬ ಒಣ ಕೆರೆಯ ತಳದಲ್ಲಿ ಕಾರು ಓಡಿಸಿ ವೇಗ ಅಳೆಯುತ್ತಿದ್ದರು. ಕೈಯಲ್ಲಿ ದುಡ್ಡು ಕಡಿಮೆ, ಗುಜರಿಯಲ್ಲಿ ಫೋರ್ಡ್ ಜಾಸ್ತಿ. 1937ರಲ್ಲಿ ಹಲವು ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಯುದ್ಧದ ಕಾಲದಲ್ಲಿ ಮ್ಯೂರಾಕ್ ಸೇನೆಯ ವಿಮಾನ ನೆಲೆಯಾಯಿತು. ಇವತ್ತಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲೇ. ಯುದ್ಧ ಮುಗಿದ ಮೇಲೆ ಓಟಗಳು ಎಲ್ ಮಿರಾಜ್ ಎಂಬ ಇನ್ನೊಂದು ಒಣ ಕೆರೆಯಲ್ಲಿ ನಡೆದವು, ಈಗಲೂ ನಡೆಯುತ್ತವೆ. 1949ರಲ್ಲಿ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿಗೂ ಹಬ್ಬಿದವು.

ಇವರಿಗೆಲ್ಲ 1932ರ ಫೋರ್ಡ್ ಮೇಲೆ ಯಾಕಷ್ಟು ಆಸೆ? ಆ ವರ್ಷ ಹೆನ್ರಿ ಫೋರ್ಡ್ ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಯಲ್ಲಿ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಕೊಟ್ಟ. 221 ಕ್ಯೂಬಿಕ್ ಇಂಚು, 65 ಅಶ್ವಶಕ್ತಿ. ಚಾಸಿಯೂ ಚೆಂದ. ಬೇರೆ ಕಾರುಗಳಲ್ಲಿ ಚಾಸಿಯ ತೊಲೆಯನ್ನು ತಗಡಿನಿಂದ ಮುಚ್ಚುತ್ತಾರೆ. ಇದರಲ್ಲಿ ತೊಲೆಯ ಹೊರಮೈ ಬಾಗಿಲಿನ ಕೆಳಗೆ ನೇರವಾಗಿ ಕಾಣುತ್ತದೆ. ಅದಕ್ಕೆ ಸರಿಯಾಗಿ ಕಾರ್ಖಾನೆಯವರು ತೊಲೆಯ ಉದ್ದಕ್ಕೂ ಒಂದು ಅಂಚಿನ ಅಚ್ಚು ಒತ್ತಿದ್ದಾರೆ. ನೋಡಿದವರಿಗೆ ಅದು 1932 ಅಂತ ದೂರದಿಂದಲೇ ಗೊತ್ತಾಗುತ್ತದೆ.

ನಾನು ಕೊಂಡದ್ದು ಮೊಹಾವಿಯ ಅಂಚಿನ ಒಂದು ಊರಿನಲ್ಲಿ. ಮಾರಿದ ಹೆಂಗಸು ತಂದೆಯ ಶೆಡ್ ಖಾಲಿ ಮಾಡುತ್ತಿದ್ದರು. "ಅಪ್ಪ ಇದನ್ನು ಯಾರಿಂದಲೋ ತಂದರು. ಕಟ್ಟುತ್ತೇನೆ ಅನ್ನುತ್ತಲೇ ಇದ್ದರು" ಅಂದರು. ಕೇಳಿದ್ದು 3,500 ಡಾಲರ್. ನಾನು ಚೌಕಾಸಿ ಮಾಡಲಿಲ್ಲ, ಏಕೆಂದರೆ ಅದರ ಜೊತೆ ಕಾಗದ ಇತ್ತು.

ಕಾಗದದ ಬೆಲೆ ಕಾರು ಪ್ರಿಯರಿಗೆಲ್ಲ ಗೊತ್ತು. ಕ್ಯಾಲಿಫೋರ್ನಿಯಾದಲ್ಲಿ ಮಾಲೀಕತ್ವದ ಪತ್ರಕ್ಕೆ ಈಗಲೂ ಪಿಂಕ್ ಸ್ಲಿಪ್ ಅಂತಲೇ ಹೇಳುತ್ತಾರೆ. ಹಿಂದೆ ಇಲ್ಲಿ ಕಾರಿನ ನೋಂದಣಿ ಎಂಜಿನ್ ನಂಬರಿನ ಮೇಲೆ ಆಗುತ್ತಿತ್ತು. ಹಾಟ್ ರಾಡ್ ಹುಡುಗರು ಎಂಜಿನ್ ಬದಲಾಯಿಸುತ್ತಲೇ ಇದ್ದದ್ದರಿಂದ ಕಾಗದದ ನಂಬರ್ ಒಂದು, ಚಾಸಿಯ ನಂಬರ್ ಇನ್ನೊಂದು ಆಗಿರುವುದು ಮಾಮೂಲು. ಫೋರ್ಡ್‌ನವರು ಎಂಜಿನ್ನಿನ ನಂಬರನ್ನೇ ಎಡಗಡೆ ತೊಲೆಯ ಮೇಲ್ಮೈಗೂ ಒತ್ತುತ್ತಿದ್ದರು. ನಾನು ತಂತಿ ಬ್ರಷ್‌ನಿಂದ ನಿಧಾನವಾಗಿ ತುಕ್ಕು ಉಜ್ಜಿದೆ. ಮೊದಲು ಒಂದು ನಕ್ಷತ್ರದ ಗುರುತು, ಆಮೇಲೆ 18, ಆಮೇಲೆ ಉಳಿದ ಅಂಕಿಗಳು ಒಂದೊಂದೇ ಎದ್ದುಬಂದವು. ಕಾಗದದ ಜೊತೆ ಇಟ್ಟು ನೋಡಿದರೆ ಎಲ್ಲ ಅಂಕಿಗಳೂ ಸರಿಹೊಂದಿದವು. ಹಳೆ ಚಾಸಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು: ದುಡ್ಡು ಕೊಡುವ ಮೊದಲು ಈ ಕೆಲಸ ಮಾಡಿ. ನಂಬರ್ ಅಳಿಸಿದ್ದರೆ, ತಿದ್ದಿದ ಹಾಗೆ ಕಂಡರೆ, ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ಇಲ್ಲಿ ಅದು ಅಪರಾಧ.

ಚಾಸಿಯ ಹಿಂಭಾಗಕ್ಕೆ ಬರುತ್ತೇನೆ. ನಾನು ವೃತ್ತಿಯಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಬೆಸುಗೆ ನೋಡುವುದೇ ನನ್ನ ಅನ್ನ. ಕಾರನ್ನು ಕೆಳಗಿಳಿಸಲು ಹಿಂದಿನ ಆಕ್ಸಲ್ ಹತ್ತಿರ ಎರಡೂ ತೊಲೆಗಳನ್ನು ಕತ್ತರಿಸಿ, ಹಿಂದಿನ ತುಂಡನ್ನು ಮೇಲಕ್ಕೆ ಏರಿಸಿ ಮತ್ತೆ ಬೆಸೆದಿದ್ದಾರೆ. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ಝಡ್ ಅಕ್ಷರ. ಗ್ಯಾಸ್ ವೆಲ್ಡಿಂಗ್. ಎಡಗಡೆಯ ಬೆಸುಗೆ ಒರಟು. ಒಂದು ಕಡೆ ಲೋಹ ಜಾಸ್ತಿ ಗುಡ್ಡೆಯಾಗಿದೆ, ಇನ್ನೊಂದು ಕಡೆ ಅಂಚು ಕರಗಿ ಹಳ್ಳ ಬಿದ್ದಿದೆ. ಕೈ ಎಲ್ಲಿ ನಿಂತಿತು, ಎಲ್ಲಿ ಮತ್ತೆ ಶುರುವಾಯಿತು ಅಂತ ಬೆರಳಿಟ್ಟು ತೋರಿಸಬಹುದು. ಬಲಗಡೆಗೆ ಬನ್ನಿ. ಅದೇ ಕೈ, ಅದೇ ಜಾಗ, ಆದರೆ ಅಲೆಗಳು ಸಮವಾಗಿವೆ. ಅಗಲ ಒಂದೇ ಥರ. ಕೊನೆಯಲ್ಲಿ ಗುಂಡಿ ಬಿಡದೆ ತುಂಬಿ ಮುಗಿಸಿದ್ದಾರೆ. ಎಡಗಡೆ ಮುಗಿಸಿ ಬಲಗಡೆಗೆ ಬರುವಷ್ಟರಲ್ಲಿ ಆ ಮನುಷ್ಯ ಬೆಸೆಯುವುದು ಕಲಿತಿದ್ದಾನೆ! ಕೆಲಸದಲ್ಲಿ ಸಾವಿರಾರು ಬೆಸುಗೆ ನೋಡಿದ್ದೇನೆ, ಒಬ್ಬ ಕಲಿಯುತ್ತಿರುವುದು ಹೀಗೆ ಉಕ್ಕಿನಲ್ಲಿ ಉಳಿದದ್ದನ್ನು ಇದೇ ಮೊದಲು ಕಂಡದ್ದು.

ಇನ್ನೂ ಗುರುತುಗಳಿವೆ. ಫೋರ್ಡ್‌ನ ಬ್ರೇಕ್ ರಾಡುಗಳನ್ನು ಹಿಡಿಯುವ ಬ್ರಾಕೆಟ್ಟುಗಳು ಹೋಗಿವೆ. ಆ ಜಾಗದಲ್ಲಿ ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ನಡೆಯುವ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕೂರಿಸಲು ಮಾಡಿಕೊಂಡ ತಟ್ಟೆ ಇದೆ. ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರಲ್ಲಿ. ಆ ಬ್ರೇಕನ್ನು ಕಿತ್ತು ಹಳೆ ಕಾರಿಗೆ ಹಾಕುವುದು ಆಗ ಎಲ್ಲರೂ ಮಾಡುತ್ತಿದ್ದ ಕೆಲಸ. ಎಂಜಿನ್ ಕೂರುವ ಜಾಗ ಮಾತ್ರ ಫೋರ್ಡ್‌ನದ್ದೇ, ಅದನ್ನು ಯಾರೂ ಮುಟ್ಟಿಲ್ಲ. 1955ರಲ್ಲಿ ಷೆವರ್ಲೆಯ ಸಣ್ಣ ವಿ8 ಬಂದ ಮೇಲೆ ಹಾಟ್ ರಾಡ್‌ನವರು ಹೆಚ್ಚುಕಡಿಮೆ ಎಲ್ಲರೂ ಅದರ ಕಡೆ ತಿರುಗಿದರು. ಇಲ್ಲಿ ಅದನ್ನು ಕೂರಿಸಿದ ಗುರುತೇ ಇಲ್ಲ. ಹಾಗಾಗಿ ಈ ಕೆಲಸ ನಡೆದದ್ದು ಈ ಎರಡು ವರ್ಷಗಳ ನಡುವೆ ಅಂತ ನನ್ನ ಅಂದಾಜು. ತೊಲೆಯ ಮೇಲೆ ಕಾರ್ಖಾನೆಯವರು ಕೊರೆಯದ ತೂತುಗಳೂ ಇವೆ. ಅಳೆದು ನೋಡಿದೆ. ಫೋರ್ಡ್‌ನ ಹಿಂದಿನ ಮಾದರಿ, 1929ರ ಮಾಡೆಲ್ ಎ ರೋಡ್‌ಸ್ಟರ್ (ಗಟ್ಟಿ ಮಾಡು ಇಲ್ಲದ ತೆರೆದ ಕಾರು) ಬಾಡಿಯ ಬೋಲ್ಟುಗಳಿಗೆ ಸರಿಯಾಗಿ ಕೂರುತ್ತವೆ. ಮಾಡೆಲ್ ಎ ಬಾಡಿ ಚಿಕ್ಕದು, ಹಗುರ. ಅದರ ಸ್ವಂತ ಚಾಸಿಯ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ 103.5 ಇಂಚು, ಇದರದ್ದು 106. ಚಿಕ್ಕ ಬಾಡಿಯನ್ನು ಈ ಗಟ್ಟಿ ಚಾಸಿಯ ಮೇಲೆ ಕೂರಿಸುವುದು ಆ ಕಾಲದ ಬಹಳ ಮೆಚ್ಚಿನ ಜೋಡಿ.

ಇದನ್ನು ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಹಿಂಭಾಗ ಕತ್ತರಿಸಿ ಬಿಸಾಕು, ಅಂಗಡಿಯಲ್ಲಿ ಸಿಗುವ ಹೊಸ ತುಂಡು ಹಾಕು, ಫೋರ್ಡ್ ಕಳಿಸಿದ ಹಾಗೇ ಮಾಡು ಅಂದರು ಕೆಲವರು. ಮುಂಭಾಗ ತೆಗೆದು ಫೋರ್ಡ್‌ನ ಆಮೇಲಿನ ಕಾರು ಮಸ್ಟಾಂಗ್ 2ರ ಮಾದರಿಯ ಸಸ್ಪೆನ್ಷನ್ ಕೂರಿಸು, ಹಾಯಾಗಿ ಓಡುತ್ತದೆ ಅಂದರು ಇನ್ನು ಕೆಲವರು. ನನ್ನ ಮಗಳು, "ಅಪ್ಪಾ, ಹಾಗೇ ಗೋಡೆಗೆ ತೂಗುಹಾಕಿಬಿಡು, ನೋಡೋಕೆ ಚೆನ್ನಾಗಿರತ್ತೆ" ಅಂದಳು. ಎಲ್ ಮಿರಾಜ್‌ನಲ್ಲಿ ಓಡಿಸಬೇಕು ಎನ್ನುವ ಆಸೆ ನನಗೇ ಇತ್ತು. ಆದರೆ ಅಲ್ಲಿ ಓಡಿಸಲು ಇಂದಿನ ಸುರಕ್ಷತಾ ನಿಯಮದಂತೆ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಪಂಜರ ಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ಅದಕ್ಕಾಗಿ ಈ ತೊಲೆಗಳಿಗೆ ಎಷ್ಟೋ ಕಡೆ ಹೊಸ ಬೆಸುಗೆ ಹಾಕಬೇಕಾಗುತ್ತದೆ. ಅದು ಬೇಡ ಅನ್ನಿಸಿತು.

ಕಾರ್ಖಾನೆಯ ಸ್ಥಿತಿಗೆ ತರಬೇಕು ಎನ್ನುವವರಿಗೆ ನನ್ನ ಉತ್ತರ ಇದು. ಹಾಳಾಗದ 1932ರ ಫೋರ್ಡ್‌ಗಳನ್ನು ಹಾಗೇ ಉಳಿಸಿಕೊಂಡವರು ಇದ್ದಾರೆ, ಅವರಿಗೆ ನಮಸ್ಕಾರ. ಅಂಥ ಕಾರನ್ನು ಇವತ್ತು ಕತ್ತರಿಸಲು ಹೊರಟರೆ ನಾನೇ ಮೊದಲು ತಡೆಯುತ್ತೇನೆ. ಆದರೆ ಈ ಚಾಸಿ ಕಾರ್ಖಾನೆಯ ಕಥೆಯನ್ನು ಎಂದೋ ಬಿಟ್ಟಿದೆ. ಇದರಲ್ಲಿ ಈಗ ಇರುವುದು ಹೆಸರು ಗೊತ್ತಿಲ್ಲದ ಒಬ್ಬ ಹುಡುಗನ ಕೆಲಸ. ಅದನ್ನು ಕತ್ತರಿಸಿ ಹೊಸ ತುಂಡು ಹಾಕಿದರೆ ನಮಗೆ ಸಿಗುವುದು ಅಂಗಡಿಯಲ್ಲಿ ಕೊಳ್ಳಬಹುದಾದ ವಸ್ತು. 1932ರ ಮಾದರಿಯ ತೊಲೆಗಳನ್ನು ಈಗಲೂ ಹೊಸದಾಗಿ ಒತ್ತಿ ಮಾರುತ್ತಾರೆ. ಬೇಕಾದವರು ಅದನ್ನು ತಂದು ಇಷ್ಟ ಬಂದ ಹಾಗೆ ಕಟ್ಟಲಿ, ಇದನ್ನು ಯಾಕೆ ಅಳಿಸಬೇಕು? ಈ ಮಾತನ್ನು ನಾನೊಬ್ಬನೇ ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ ಹೆಸರಾಂತ ಕಾರು ಪ್ರದರ್ಶನದಲ್ಲಿ 1997ರಿಂದ ಹಳೆ ಹಾಟ್ ರಾಡ್‌ಗಳಿಗೆ ಬೇರೆ ವಿಭಾಗವೇ ಸಿಕ್ಕಿತು. ಆ ವರ್ಷ ಗೆದ್ದದ್ದು ಡೋನ್ ಸ್ಪೆನ್ಸರ್ ಕಟ್ಟಿದ 1932ರ ರೋಡ್‌ಸ್ಟರ್. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ ಹಾಟ್ ರಾಡ್ ಅಂಚೆಚೀಟಿ ತಂದಾಗ ಅದರ ಮೇಲೆ ಮುದ್ರಿಸಿದ್ದೂ ಬದಲಾಯಿಸಿದ 1932ರ ಫೋರ್ಡನ್ನೇ.

ಹಾಗಂತ ಹಳೆಯದೆಲ್ಲ ಪವಿತ್ರ ಅಂತ ಕಣ್ಣುಮುಚ್ಚಿ ರಸ್ತೆಗೆ ಇಳಿಸುವಂತಿಲ್ಲ. ಕಾರಿನಲ್ಲಿ ನಾನೂ ಕೂರುತ್ತೇನೆ, ನನ್ನ ಮಗಳೂ ಕೂರುತ್ತಾಳೆ, ಎದುರಿನಿಂದ ಬೇರೆಯವರೂ ಬರುತ್ತಾರೆ. ಮೊದಲು ಮೂಲೆಯಿಂದ ಎದುರು ಮೂಲೆಗೆ ಕರ್ಣ ಅಳೆದೆ, ಚಾಸಿ ಸೊಟ್ಟಗಾಗಿಲ್ಲ. ಆಮೇಲೆ ಪ್ರತಿ ಬೆಸುಗೆಯನ್ನೂ ತೊಳೆದು ಕೆಂಪು ಡೈ ಹಚ್ಚಿದೆ. ಅದು ಬಿರುಕಿನೊಳಗೆ ಇಳಿಯಲು ಬಿಟ್ಟು, ಮೇಲಿನದನ್ನು ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಹಿಂದಿನ ಬೆಸುಗೆಗಳಲ್ಲಿ ಗೆರೆ ಬರಲಿಲ್ಲ. ಆ ಒರಟು ಎಡಗಡೆಯದರಲ್ಲೂ ಬರಲಿಲ್ಲ. ಬಂದದ್ದು ಮುಂದೆ, ಸ್ಟೀರಿಂಗ್ ಬಾಕ್ಸ್ ಬೋಲ್ಟಿನ ತೂತಿನಿಂದ ತೊಲೆಯ ಅಂಚಿನ ಕಡೆಗೆ. ಚಕ್ರ ತಿರುಗಿಸಿದಾಗೆಲ್ಲ ಆ ಜಾಗಕ್ಕೆ ಜಗ್ಗುವ ಒತ್ತಡ ಬೀಳುತ್ತದೆ. ಅಲ್ಲಿ ರಾಜಿ ಇಲ್ಲ. ಬಿರುಕಿನ ತುದಿಯಲ್ಲಿ ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಬಿರುಕನ್ನು ಕೊರೆದು ತುಂಬಿ ಬೆಸೆಯುತ್ತೇನೆ. ಒಳಗಡೆಯಿಂದ ಒಂದು ತಟ್ಟೆ ಕೂರಿಸುತ್ತೇನೆ. ಆ ತಟ್ಟೆಯ ತುದಿಗಳು ಚೂಪಾಗಿರುತ್ತವೆ. ತೊಲೆಗೆ ಅಡ್ಡಲಾಗಿ ನೇರ ಬೆಸುಗೆ ಹಾಕಿದರೆ ಮುಂದಿನ ಬಿರುಕು ಅಲ್ಲೇ ಹುಟ್ಟುತ್ತದೆ.

ಹಿಂದಿನ ಝಡ್‌ಗೆ ಬಲ ಕೊಡಲು ಒಳಗಡೆ ಪಟ್ಟಿ ಬರುತ್ತದೆ. ಅದನ್ನು ಬೋಲ್ಟ್ ಹಾಕಿ ಬಿಗಿಯುತ್ತೇನೆ, ಮುಂದಿನವರು ಬೇಡ ಅಂದರೆ ಬಿಚ್ಚಬಹುದು. ನನ್ನ ಪ್ರತಿ ಕೆಲಸದ ಮೇಲೂ ವರ್ಷ ಒತ್ತುತ್ತೇನೆ. ಹುಡುಗನ ಬೆಸುಗೆ ಯಾವುದು, ನನ್ನದು ಯಾವುದು ಅಂತ ಯಾರಿಗೂ ಗೊಂದಲ ಆಗಬಾರದು. ಬೆಸುಗೆಯನ್ನು ಉಜ್ಜಿ ನುಣುಪು ಮಾಡುವುದಿಲ್ಲ, ಪುಟ್ಟಿ ಮೆತ್ತುವುದಿಲ್ಲ. ಸ್ಯಾಂಡ್ ಬ್ಲಾಸ್ಟಿಂಗ್‌ಗೂ ಕೊಡುವುದಿಲ್ಲ. ಕಪ್ಪು ಬಣ್ಣದ ಕೆಳಗೆ ಕೆಂಪು ಇದೆ, ಅದರ ಕೆಳಗೆ ಬೂದು ಪ್ರೈಮರ್ ಇದೆ. ಅವೆಲ್ಲ ಉಳಿಯುವಷ್ಟು ಮಾತ್ರ ತುಕ್ಕು ತೆಗೆಯುತ್ತೇನೆ. ಮೇಲೆ 1929ರ ಮಾಡೆಲ್ ಎ ರೋಡ್‌ಸ್ಟರ್ ಬಾಡಿ, ಫ್ಲಾಟ್‌ಹೆಡ್ ಎಂದು ಕರೆಯುವ ಫೋರ್ಡ್‌ನದ್ದೇ ಹಳೆ ವಿ8, ಹೈಡ್ರಾಲಿಕ್ ಬ್ರೇಕ್. ಬಾಡಿ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ಹೊಸ ಚಾಸಿಯ ಮೇಲೆ ಕಟ್ಟಿದರೆ ಇಲ್ಲಿ ಅದನ್ನು ವಿಶೇಷವಾಗಿ ಕಟ್ಟಿದ ವಾಹನ ಅಂತ ಬೇರೆ ದಾರಿಯಲ್ಲಿ ನೋಂದಾಯಿಸಬೇಕು. ನನ್ನದಕ್ಕೆ ಸ್ವಂತ ಕಾಗದ, ಸ್ವಂತ ನಂಬರ್ ಇರುವುದರಿಂದ ಅದು 1932ರ ಫೋರ್ಡ್ ಆಗಿಯೇ ಉಳಿಯುತ್ತದೆ. ಮಾಲಿನ್ಯ ತಪಾಸಣೆಯೂ ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರುಗಳಿಗೆ ಅದರಿಂದ ವಿನಾಯಿತಿ ಇದೆ.

ನಿಮ್ಮ ಓದುಗರಲ್ಲಿ ಯಾರ ಹತ್ತಿರವಾದರೂ ಹೀಗೆ ಯಾರದೋ ಕೈ ಆಡಿದ ಹಳೆ ಗಾಡಿ ಇದ್ದರೆ, ಅದನ್ನು ಕತ್ತರಿಸುವ, ಬಣ್ಣ ಬಳಿಯುವ ಮೊದಲು ದಯವಿಟ್ಟು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ತೂತುಗಳನ್ನು ಅಳೆದು ಬರೆದಿಡಿ. ಬಿಚ್ಚಿದ ಬ್ರಾಕೆಟ್ಟನ್ನು ಎಸೆಯಬೇಡಿ. ಸಂಪಾದಕರಲ್ಲಿ ನನ್ನ ಕೋರಿಕೆ: ಪುರವಣಿಯಲ್ಲಿ ಮುಂದೆ ಹಳೆ ಕಾರುಗಳ ಬಗ್ಗೆ ಬರೆಸುವಾಗ ಇಂಥ ಗಾಡಿಗಳಿಗೂ ಜಾಗ ಕೊಡಿ. ಎಡ ಮತ್ತು ಬಲ ಬೆಸುಗೆಯ ಫೋಟೊಗಳನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿದರೆ ನಾನು ಹೇಳಿದ್ದನ್ನು ಓದುಗರೇ ನೋಡಿಕೊಳ್ಳಬಹುದು.

ಇಂತಿ,
ನಿಮ್ಮ ಓದುಗ,
ದಕ್ಷಿಣ ಕ್ಯಾಲಿಫೋರ್ನಿಯಾ