ಟಿಬೆಟಿಗರು ತೆರೆಯಿಂದ ಕಾಣೆಯಾದದ್ದು ಹೀಗೆ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ವಿದೇಶಿ ಕಂಪನಿಯೊಂದು ನಿಮ್ಮ ಮುಂದಿನ ಚಿತ್ರಕ್ಕೆ ಬಂಡವಾಳ ಹಾಕಲು ಮುಂದೆ ಬಂದಿರುವುದು ಸಂತೋಷದ ಸುದ್ದಿಯೇ. ಬಡ್ಡಿಗೆ ಸಾಲ ತಂದು ಚಿತ್ರ ಮುಗಿಸಿ, ಬಿಡುಗಡೆಯ ಹಿಂದಿನ ರಾತ್ರಿ ನಿದ್ದೆಗೆಡುವ ನಿರ್ಮಾಪಕರನ್ನು ನೀನು ನನಗಿಂತ ಹತ್ತಿರದಿಂದ ಬಲ್ಲೆ. ಚಲನಚಿತ್ರ ಕ್ಷೇತ್ರಕ್ಕೆ ನೂರಕ್ಕೆ ನೂರು ವಿದೇಶಿ ಬಂಡವಾಳ ಬರಲು ನಮ್ಮ ಸರ್ಕಾರವೇ ಬಾಗಿಲು ತೆರೆದಿದೆ ಎಂಬ ನಿನ್ನ ಮಾತೂ ಸರಿ. ಆದರೆ 'ಹಣ ಅವರದು, ಕಥೆ ನಮ್ಮದು' ಎಂದು ಬರೆದಿದ್ದೀಯಲ್ಲ, ಅದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಹಾಲಿವುಡ್ಡಿನಷ್ಟು ಬಲಿಷ್ಠ ಉದ್ಯಮದಲ್ಲೇ ಅದು ಹಾಗೆ ನಡೆಯಲಿಲ್ಲ.

1997ರಲ್ಲಿ ಅಲ್ಲಿನ ದೊಡ್ಡ ಸ್ಟುಡಿಯೋಗಳಿಂದ ಟಿಬೆಟಿನ ಬಗ್ಗೆ ಎರಡು ಚಿತ್ರಗಳು ಬಂದವು. ಅವುಗಳಲ್ಲಿ ಒಂದು, ದಲೈ ಲಾಮಾ ಅವರ ಬಾಲ್ಯ ಮತ್ತು ಯೌವನವನ್ನು ಹೇಳುವ 'ಕುಂದುನ್'. ಮಾರ್ಟಿನ್ ಸ್ಕಾರ್ಸೆಸೆ ನಿರ್ದೇಶಿಸಿದ ಆ ಚಿತ್ರವನ್ನು ಡಿಸ್ನಿ ಸಂಸ್ಥೆ ಬಿಡುಗಡೆ ಮಾಡಿತು. ಬೀಜಿಂಗ್ ಸಿಡಿದೆದ್ದಿತು. ಮರುವರ್ಷವೇ ಡಿಸ್ನಿಯ ಮುಖ್ಯಸ್ಥ ಮೈಕೆಲ್ ಐಸ್ನರ್ ಚೀನಾಕ್ಕೆ ಹೋಗಿ, ಪ್ರಧಾನಿ ಝು ರೋಂಗ್‌ಜಿ ಅವರ ಎದುರು ಕುಳಿತು, ಆ ಚಿತ್ರ ಮಾಡಿದ್ದು ಮೂರ್ಖತನದ ತಪ್ಪು ಎಂದು ಕ್ಷಮೆ ಕೇಳಿದರು. ಚೀನಾದಲ್ಲಿ ಅವರಿಗೆ ಥೀಮ್ ಪಾರ್ಕ್ ಕಟ್ಟಬೇಕಾಗಿತ್ತು. ಅದು 2016ರಲ್ಲಿ ಶಾಂಘೈಯಲ್ಲಿ ತೆರೆಯಿತು. ಟಿಬೆಟಿನ ಕಥೆಯನ್ನು ಅಷ್ಟು ದೊಡ್ಡದಾಗಿ ಹೇಳುವ ಧೈರ್ಯವನ್ನು ಆಮೇಲೆ ಯಾವ ದೊಡ್ಡ ಸ್ಟುಡಿಯೋವೂ ಮಾಡಲಿಲ್ಲ.

ಹಣದ ಹೊಳೆ ಹರಿದದ್ದು ಅದರ ನಂತರ. 2012ರಲ್ಲಿ ಅಮೆರಿಕದೊಂದಿಗೆ ಆದ ಒಪ್ಪಂದದಂತೆ, ಗಳಿಕೆ ಹಂಚಿಕೊಳ್ಳುವ ಷರತ್ತಿನ ಮೇಲೆ ಚೀನಾ ಒಳಗೆ ಬಿಟ್ಟುಕೊಳ್ಳುವ ವಿದೇಶಿ ಚಿತ್ರಗಳ ಸಂಖ್ಯೆ ವರ್ಷಕ್ಕೆ 20ರಿಂದ 34ಕ್ಕೆ ಏರಿತು. ಟಿಕೆಟ್ ಹಣದಲ್ಲಿ ಸ್ಟುಡಿಯೋಗಳ ಪಾಲು ಶೇ 25 ಆಯಿತು. ಅದೇ ವರ್ಷ ಡಾಲಿಯನ್ ವಾಂಡಾ ಎಂಬ ಚೀನೀ ಕಂಪನಿ ಅಮೆರಿಕದ ಎಎಂಸಿ ಚಿತ್ರಮಂದಿರಗಳನ್ನು 260 ಕೋಟಿ ಡಾಲರಿಗೆ ಕೊಂಡಿತು. 2016ರಲ್ಲಿ ಲೆಜೆಂಡರಿ ಎಂಬ ನಿರ್ಮಾಣ ಸಂಸ್ಥೆಯನ್ನು 350 ಕೋಟಿ ಡಾಲರಿಗೆ ಕೊಂಡಿತು. ಒಳಗೆ ಬಿಡುವ ಚಿತ್ರಗಳು ಬೆರಳೆಣಿಕೆಯಷ್ಟಾದಾಗ ಯಾರಿಗೂ ಆಜ್ಞೆ ಹೊರಡಿಸಬೇಕಾಗಿಲ್ಲ, ಗೆಳೆಯಾ. ಬಾಗಿಲ ಹೊರಗೆ ನಿಂತವರು ತಾವೇ ತಿದ್ದಿಕೊಂಡು ಬರುತ್ತಾರೆ.

'ರೆಡ್ ಡಾನ್' ಎಂಬ ಚಿತ್ರದ ಕತೆಯನ್ನೇ ನೋಡು. ಅಮೆರಿಕದ ಮೇಲೆ ಚೀನಾ ದಾಳಿ ಮಾಡುವ ಕಥೆ ಅದು. ಚಿತ್ರೀಕರಣ ಮುಗಿದಿತ್ತು. ಚೀನಾದ ಪತ್ರಿಕೆಯೊಂದು ಅದನ್ನು ಟೀಕಿಸಿತು. ವಿತರಕರು ಹಿಂಜರಿದರು. ಕಡೆಗೆ ಬಾವುಟ, ಲಾಂಛನಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿ, ಸಂಭಾಷಣೆ ಬದಲಿಸಿ, ಶತ್ರುವನ್ನು ಉತ್ತರ ಕೊರಿಯಾ ಮಾಡಿದರು. ಚೀನಾದಲ್ಲಿ ಆ ಚಿತ್ರ ತೆರೆ ಕಾಣಲಿ ಬಿಡಲಿ, ಸ್ಟುಡಿಯೋದ ಮುಂದಿನ ಚಿತ್ರಗಳಿಗೆ ತೊಂದರೆಯಾದೀತು ಎಂಬ ಅಂಜಿಕೆಯೇ ಸಾಕಾಯಿತು.

ನನ್ನನ್ನು ಹೆಚ್ಚು ಕಾಡುವುದು 2016ರ 'ಡಾಕ್ಟರ್ ಸ್ಟ್ರೇಂಜ್'. ಮೂಲ ಕಾಮಿಕ್ಸ್‌ನಲ್ಲಿ ನಾಯಕನಿಗೆ ವಿದ್ಯೆ ಕಲಿಸುವ ಗುರು ಟಿಬೆಟಿನವನು. ಚಿತ್ರದಲ್ಲಿ ಗುರು ಕೆಲ್ಟಿಕ್ ಮೂಲದ ಹೆಂಗಸಾದಳು, ಗುರುಕುಲ ಕಠ್ಮಂಡುವಿಗೆ ಹೋಯಿತು. ಟಿಬೆಟಿಗ ಎಂದು ತೋರಿಸಿದರೆ ನೂರು ಕೋಟಿ ಜನರನ್ನು ಕಳೆದುಕೊಳ್ಳುವ ಅಪಾಯವಿತ್ತು ಎಂಬರ್ಥದಲ್ಲಿ ಚಿತ್ರಕಥೆ ಬರೆದವರಲ್ಲಿ ಒಬ್ಬರೇ ಹೇಳಿದರು. ಹಳೆಯ ಏಷ್ಯನ್ ಮುದುಕನ ಪಡಿಯಚ್ಚಿನಿಂದ ತಪ್ಪಿಸಿಕೊಳ್ಳಲು ಹೀಗೆ ಮಾಡಿದೆವು ಎಂಬ ಸಮಜಾಯಿಷಿಯೂ ಬಂತು. ಅದರಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಪಡಿಯಚ್ಚನ್ನು ಮುರಿಯಲು ಒಬ್ಬ ಟಿಬೆಟಿ ಹೆಂಗಸೂ ಸಾಕಾಗಿದ್ದಳು.

ನಾನಿರುವ ಕುಶಾಲನಗರದಿಂದ ಟಿಬೆಟಿ ನಿರಾಶ್ರಿತರು ನೆಲೆಸಿದ ಬೈಲಕುಪ್ಪೆ ಎಷ್ಟು ಹತ್ತಿರವೆಂದು ನಿನಗೆ ಗೊತ್ತು. 1960ರ ದಶಕದ ಆರಂಭದಲ್ಲಿ ಬಂದ ಆ ಜನ ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಮಠಗಳನ್ನು ಕಟ್ಟಿಕೊಂಡು ಬದುಕಿದವರು. ಅವರ ಮೂರನೆಯ ತಲೆಮಾರಿನ ಹುಡುಗರು ನಮ್ಮ ಕನ್ನಡ ಮಾತನಾಡುತ್ತಾರೆ. ನೆಲ ಕಳೆದುಕೊಂಡವರು ಕಡೆಗೆ ಕಾಲ್ಪನಿಕ ಕಥೆಯ ಪಾತ್ರವಾಗಿಯೂ ಉಳಿಯಬಾರದೆಂದರೆ ನನಗೆ ಸಿಟ್ಟು ಬರುತ್ತದೆ. ಯಾವ ಕಾನೂನೂ ಅವರನ್ನು ಹಾಲಿವುಡ್ಡಿನಿಂದ ನಿಷೇಧಿಸಿರಲಿಲ್ಲ. ಲೆಕ್ಕಪತ್ರ ನೋಡಿ ಕೈಬಿಟ್ಟರು, ಅಷ್ಟೆ.

ಚೀನಾವೊಂದೇ ಹೀಗೆ ಎಂದು ನಾನು ಹೇಳುತ್ತಿಲ್ಲ. ಯುದ್ಧವಿಮಾನ, ಹಡಗುಗಳನ್ನು ಚಿತ್ರೀಕರಣಕ್ಕೆ ಕೊಡುವ ಮುನ್ನ ಅಮೆರಿಕದ ರಕ್ಷಣಾ ಇಲಾಖೆಯೂ ಚಿತ್ರಕಥೆ ತರಿಸಿಕೊಂಡು ಓದುತ್ತದೆ, ಬದಲಾವಣೆ ಕೇಳುತ್ತದೆ. 'ಟಾಪ್ ಗನ್: ಮೇವರಿಕ್' ಚಿತ್ರದಲ್ಲಂತೂ ಎರಡೂ ಒತ್ತಡಗಳು ಮುಖಾಮುಖಿಯಾದವು. ಅದಕ್ಕೆ ಚೀನಾದ ಟೆನ್ಸೆಂಟ್ ಕಂಪನಿ ಹಣ ಹಾಕಲಿತ್ತು. 2019ರ ಟ್ರೇಲರಿನಲ್ಲಿ ನಾಯಕನ ಜಾಕೆಟ್ ಮೇಲಿನ ತೈವಾನ್ ಮತ್ತು ಜಪಾನ್ ಬಾವುಟಗಳು ಮಾಯವಾಗಿದ್ದವು. ಆಮೇಲೆ ಟೆನ್ಸೆಂಟ್ ಹಿಂದೆ ಸರಿಯಿತು. ಅಮೆರಿಕದ ಸೇನೆಯನ್ನು ಮೆರೆಸುವ ಚಿತ್ರದಲ್ಲಿ ಪಾಲುದಾರರಾದರೆ ಚೀನಾದ ಕಮ್ಯುನಿಸ್ಟ್ ಪಕ್ಷದ ಕೋಪಕ್ಕೆ ಗುರಿಯಾಗಬೇಕಾದೀತೆಂದು ಅಂಜಿತು ಎಂಬ ವರದಿಗಳು ಬಂದವು. 2022ರಲ್ಲಿ ತೆರೆ ಕಂಡ ಚಿತ್ರದಲ್ಲಿ ಆ ಬಾವುಟಗಳು ಮರಳಿದ್ದವು. ಚೀನಾದಲ್ಲಿ ಬಿಡುಗಡೆಯಾಗದೆಯೇ ಅದು 140 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಹಣ ಹಾಕುವವನೂ ಸ್ವತಂತ್ರನಲ್ಲ ಎಂಬುದನ್ನು ಇಲ್ಲಿ ಗಮನಿಸು. ವಾಂಡಾದ ಪಾಡೂ ಅದೇ. 2017ರಲ್ಲಿ ಬೀಜಿಂಗ್ ವಿದೇಶಿ ಖರೀದಿಗಳ ಮೇಲೆ ಕಡಿವಾಣ ಹಾಕಿತು, ಕಂಪನಿ ಕೊಂಡದ್ದನ್ನು ಮಾರತೊಡಗಿತು. 2018ರಲ್ಲಿ ಚಲನಚಿತ್ರದ ಉಸ್ತುವಾರಿಯನ್ನೇ ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗ ಕೈಗೆ ತೆಗೆದುಕೊಂಡಿತು.

ನಿಮಗೆ ಹಣ ಕೊಡುವವರು ಯಾವ ದೇಶದವರೆಂದು ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ. ಕರಾರಿಗೆ ಸಹಿ ಹಾಕುವ ಮೊದಲು ಮೂರು ಮಾತು ಬರಹದಲ್ಲಿ ಕೇಳಿಕೊಳ್ಳಿ: ಕೊನೆಯ ಸಂಕಲನದ ಹಕ್ಕು ಯಾರದು, ಸೆನ್ಸಾರ್ ಮಂಡಳಿಗೆ ಹೋಗುವ ಮುನ್ನ ಪ್ರತಿ ಯಾರ ಕಣ್ಣಿಗೆ ಬೀಳಬೇಕು, ಅರ್ಧದಲ್ಲಿ ಅವರು ಕೈಬಿಟ್ಟರೆ ನೆಗೆಟಿವ್ ಹಕ್ಕು, ಅಂದರೆ ಚಿತ್ರದ ಒಡೆತನ, ಯಾರ ಹತ್ತಿರ ಉಳಿಯುತ್ತದೆ. ಕರಡು ಕೈಗೆ ಬಂದ ಕೂಡಲೇ ನನಗೊಂದು ಪ್ರತಿ ಕಳುಹಿಸು. ನಿನ್ನ ನಿರ್ದೇಶಕರಿಗೂ ಒಂದು ಕೊಡು, ಅವರು ಓದದೆ ಯಾರೂ ಸಹಿ ಹಾಕಬೇಡಿ.

ನಿನ್ನ ಗೆಳೆಯ,
ಕುಶಾಲನಗರದಿಂದ